ಔಷಧಿಯ ಹದ ಒಂದೇ ಇರಲಿ
(ಮಕ್ಕಳ ಸಲಾಯಿನ್ ಮತ್ತು ಇಂಜಕ್ಷನ್ ಬಗ್ಗೆ ಸಂಘದ ಸಭೆಗೆ ಒಂದು ಪಾಠ)



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ಸಂಘಗಳ ಸಭೆಯಲ್ಲಿ ಉಳಿತಾಯ ಮತ್ತು ಸಾಲದ ಲೆಕ್ಕ ಮುಗಿದ ಮೇಲೆ ಮಾತು ಮಕ್ಕಳ ಕಡೆಗೆ ಹೊರಳುವುದು ರೂಢಿ. ಆಗ ನಮ್ಮ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತು ಇದು: "ಕೂಸಿಗೆ ಮೂರು ದಿನ ಸಲಾಯಿನ್ ಹಚ್ಚಿದ್ರು ಸಿಸ್ಟರ್. ಅದರಾಗ ಏನ್ ಹಾಕಿದ್ರೋ, ಎಷ್ಟ್ ಹಾಕಿದ್ರೋ, ನಮಗೇನ್ ತಿಳೀತೈತ್ರಿ?" ಈ ತಿಂಗಳ ಪಾಠ ಆ 'ಎಷ್ಟು' ಎಂಬ ಪ್ರಶ್ನೆಯ ಬಗ್ಗೆ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ತೀರಿಕೊಂಡಾಗ, ರಿಂಗರ್ ಲ್ಯಾಕ್ಟೇಟ್ ಎಂಬ ಸಲಾಯಿನ್ ಬಗ್ಗೆ ರಾಜ್ಯದಲ್ಲೆಲ್ಲ ಮಾತಾಯಿತು. ಅದು ಔಷಧಿಯ ಗುಣಮಟ್ಟದ ಪ್ರಶ್ನೆ. ಇಂದು ನಾವು ತೆಗೆದುಕೊಂಡ ವಿಷಯ ಬೇರೆ. ಔಷಧಿ ಚೆನ್ನಾಗಿಯೇ ಇರುತ್ತದೆ. ಡಾಕ್ಟರು ಬರೆದದ್ದೂ ಸರಿ ಇರುತ್ತದೆ. ನರ್ಸಮ್ಮನ ಮನಸ್ಸೂ ಒಳ್ಳೆಯದೇ. ಆದರೂ ಔಷಧಿಯ ಹದ ತಪ್ಪಿದರೆ ಕೂಸಿನ ಜೀವಕ್ಕೆ ಅಪಾಯ. ಈ ಹದವನ್ನು ಎಲ್ಲರೂ, ಎಲ್ಲ ಪಾಳಿಯಲ್ಲೂ ಒಂದೇ ರೀತಿ ಇಟ್ಟರೆ ಆ ಅಪಾಯ ಕಡಿಮೆಯಾಗುತ್ತದೆ. ಇದೇ ಈ ಪಾಠದ ತಿರುಳು.

ಹದ ಅಂದರೆ ಏನು?

ಇದನ್ನು ತಿಳಿಯಲು ನಮ್ಮ ಅಡಿಗೆಮನೆಯೇ ಸಾಕು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಮೆಣಸಿನಕಾಯಿಗೆ ಖಾರ ಹೆಚ್ಚು. ದಿನಾಲು ಬ್ಯಾಡಗಿ ಪುಡಿ ಎರಡು ಚಮಚ ಹಾಕಿ ಸಾರು ಮಾಡುವವರು ಒಂದು ದಿನ ಡಬ್ಬಿ ನೋಡದೆ ಗುಂಟೂರು ಪುಡಿ ಎರಡು ಚಮಚ ಹಾಕಿದರೆ ಏನಾದೀತು? ಚಮಚ ಅದೇ, ಪುಡಿಯೂ ಕೆಂಪೇ. ಆದರೆ ಸಾರು ಮಕ್ಕಳ ಬಾಯಿಗೆ ಇಡಲು ಆಗುವುದಿಲ್ಲ. ಚಮಚದ ಲೆಕ್ಕ ಸರಿ ಇತ್ತು, ಚಮಚದೊಳಗಿನ ಖಾರ ಬೇರೆ ಇತ್ತು.

ಔಷಧಿಯಲ್ಲೂ ಹೀಗೆಯೇ ಎರಡು ಲೆಕ್ಕ ಇರುತ್ತವೆ. ಮಿಲಿಗ್ರಾಂ ಎಂದರೆ ಔಷಧಿ ಎಷ್ಟು ಎಂಬುದು. ಎಂ.ಎಲ್. ಎಂದರೆ ಅದು ಕರಗಿರುವ ದ್ರವ ಎಷ್ಟು ಎಂಬುದು. 1 ಎಂ.ಎಲ್. ದ್ರವದಲ್ಲಿ ಎಷ್ಟು ಮಿಲಿಗ್ರಾಂ ಔಷಧಿ ಇದೆಯೋ ಅದನ್ನು ಪುಸ್ತಕದಲ್ಲಿ 'ಸಾಂದ್ರತೆ' ಎನ್ನುತ್ತಾರೆ. ನಾವು ಈ ಪಾಠದಲ್ಲಿ ಅದನ್ನು 'ಹದ' ಎಂದೇ ಕರೆಯೋಣ. ಸಿರಿಂಜಿನ ಮೇಲೆ ಗೆರೆಗಳಿರುವುದು ಎಂ.ಎಲ್. ಲೆಕ್ಕಕ್ಕೆ. ಆದರೆ ಕೂಸಿನ ಮೈಗೆ ಗುಣ ಕೊಡುವುದು, ಹೆಚ್ಚಾದರೆ ಹಾನಿ ಮಾಡುವುದು ಮಿಲಿಗ್ರಾಂ. ಹದ ಗೊತ್ತಿಲ್ಲದೆ ಎಂ.ಎಲ್. ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ.

ಮಕ್ಕಳಿಗೇ ಯಾಕೆ ಹೆಚ್ಚು ಅಪಾಯ?

ದೊಡ್ಡವರಿಗೆ ಬಹಳಷ್ಟು ಔಷಧಿಗಳ ಅಳತೆ ಹೆಚ್ಚುಕಡಿಮೆ ಒಂದೇ. ಒಂದು ಗುಳಿಗಿ ಎಂದರೆ 50 ಕಿಲೋ ಇದ್ದವರಿಗೂ ಒಂದು, 65 ಕಿಲೋ ಇದ್ದವರಿಗೂ ಒಂದು. ಮಕ್ಕಳಲ್ಲಿ ಹಾಗಲ್ಲ. ಈಗ ಹುಟ್ಟಿದ ಕೂಸು 2 ಕಿಲೋ ಇರಬಹುದು, ಹತ್ತು ವರ್ಷದ ಹುಡುಗ 25 ಕಿಲೋ ಇರಬಹುದು. ಇಬ್ಬರೂ ಮಕ್ಕಳ ವಾರ್ಡಿನಲ್ಲೇ ಇರುತ್ತಾರೆ. ಹಾಗಾಗಿ ಪ್ರತಿ ಮಗುವಿಗೂ ತೂಕ ನೋಡಿ ಹೊಸದಾಗಿ ಲೆಕ್ಕ ಮಾಡಬೇಕು. ಲೆಕ್ಕ ಹೆಚ್ಚಿದಷ್ಟೂ ತಪ್ಪುವ ಸಂದರ್ಭವೂ ಹೆಚ್ಚು.

ಇನ್ನೊಂದು ಕಾರಣ ಇದೆ. ಅನೇಕ ಇಂಜಕ್ಷನ್ ಔಷಧಿಗಳು ದೊಡ್ಡವರ ಹದದಲ್ಲೇ ತಯಾರಾಗಿ ಬರುತ್ತವೆ. ಅದರಿಂದ ಒಂದು ಹನಿಯಷ್ಟು ತೆಗೆದು, ನೀರು ಬೆರೆಸಿ ಕೂಸಿಗೆ ಕೊಡಬೇಕಾಗುತ್ತದೆ. ದೊಡ್ಡವರಲ್ಲಿ ಹತ್ತು ಪಟ್ಟು ತಪ್ಪಾದರೆ ಹತ್ತು ಬಾಟಲಿ ಒಡೆಯಬೇಕಾಗುತ್ತದೆ, ಕೈ ತಾನಾಗಿ ನಿಲ್ಲುತ್ತದೆ. ಕೂಸಿಗೆ ಹತ್ತು ಪಟ್ಟು ಆದರೂ ಅದು ಒಂದೇ ಬಾಟಲಿಯೊಳಗೆ ಸಿಕ್ಕಿಬಿಡುತ್ತದೆ. ಕಣ್ಣಿಗೆ ತಪ್ಪು ಕಾಣುವುದೇ ಇಲ್ಲ.

ಎರಡು ಉದಾಹರಣೆ ನೋಡೋಣ. ಇವು ಅರ್ಥ ಮಾಡಿಕೊಳ್ಳಲು ಮಾತ್ರ. ಮನೆಯಲ್ಲಿ ಲೆಕ್ಕ ಹಾಕಿ ಔಷಧಿ ಕೊಡಲು ಅಲ್ಲ.

ಮೊದಲನೆಯದು: ಜೆಂಟಾಮೈಸಿನ್. ಎಳೆ ಕೂಸಿಗೆ ನಂಜು ಏರಿದಾಗ ಕೊಡುವ ಹಳೆಯ, ಒಳ್ಳೆಯ ಔಷಧಿ. ಇದು ಎರಡು ಹದದಲ್ಲಿ ಸಿಗುತ್ತದೆ. ಮಕ್ಕಳ ಬಾಟಲಿಯಲ್ಲಿ 2 ಎಂ.ಎಲ್.ಗೆ 20 ಮಿಲಿಗ್ರಾಂ, ದೊಡ್ಡವರ ಬಾಟಲಿಯಲ್ಲಿ ಅದೇ 2 ಎಂ.ಎಲ್.ಗೆ 80 ಮಿಲಿಗ್ರಾಂ. ಡಾಕ್ಟರು 15 ಮಿಲಿಗ್ರಾಂ ಬರೆದರು ಎನ್ನಿ. ಮಕ್ಕಳ ಬಾಟಲಿಯಿಂದ ತೆಗೆದರೆ ಅದು ಒಂದೂವರೆ ಎಂ.ಎಲ್. ಆಗುತ್ತದೆ. "ದಿನಾ ಒಂದೂವರೆ ಎಂ.ಎಲ್. ತಾನೇ" ಎಂದು ಮರುದಿನ ದೊಡ್ಡವರ ಬಾಟಲಿಯಿಂದ ಅಷ್ಟೇ ತೆಗೆದರೆ ಕೂಸಿಗೆ 60 ಮಿಲಿಗ್ರಾಂ ಹೋಗುತ್ತದೆ. ಅಂದರೆ ನಾಲ್ಕು ಪಟ್ಟು. ಈ ಔಷಧಿ ಮಿತಿ ಮೀರಿದರೆ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಬೀಳಬಹುದು.

ಎರಡನೆಯದು: ಜ್ವರಕ್ಕೆ ನರದ ಮೂಲಕ ಕೊಡುವ ಪ್ಯಾರಾಸಿಟಮಾಲ್. ಇದರ 100 ಎಂ.ಎಲ್. ಬಾಟಲಿಯಲ್ಲಿ 1,000 ಮಿಲಿಗ್ರಾಂ ಇರುತ್ತದೆ, ಅಂದರೆ 1 ಎಂ.ಎಲ್.ಗೆ 10 ಮಿಲಿಗ್ರಾಂ. ಡಾಕ್ಟರು 75 ಮಿಲಿಗ್ರಾಂ ಬರೆದರೆ ಕೊಡಬೇಕಾದದ್ದು ಏಳೂವರೆ ಎಂ.ಎಲ್. ಅವಸರದಲ್ಲಿ ಮಿಲಿಗ್ರಾಂ ಅನ್ನು ಎಂ.ಎಲ್. ಎಂದು ಓದಿ 75 ಎಂ.ಎಲ್. ಬಿಟ್ಟರೆ ಹತ್ತು ಪಟ್ಟು ಹೆಚ್ಚಾಯಿತು. ಯಕೃತ್ತಿಗೆ ದೊಡ್ಡ ಹಾನಿ. ಇಂಥ ತಪ್ಪುಗಳು ಹೊರದೇಶದ ಒಳ್ಳೆಯ ಆಸ್ಪತ್ರೆಗಳಲ್ಲೂ ಆಗಿವೆ.

ಲೋಕಕ್ಕೆ ಪಾಠ ಕಲಿಸಿದ ಒಂದು ಘಟನೆ

2006ರ ಸೆಪ್ಟೆಂಬರಿನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಆರು ಕೂಸುಗಳಿಗೆ ಹೆಪಾರಿನ್ ಎಂಬ ಔಷಧಿ ಮಿತಿ ಮೀರಿ ಹೋಯಿತು. ನರಕ್ಕೆ ಹಾಕಿದ ನಳಿಗೆಯಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಅಲ್ಲಿ ಈ ಔಷಧಿಯನ್ನು ಬಹಳ ತೆಳು ಹದದಲ್ಲಿ ಬಿಡುತ್ತಿದ್ದರು. ಕೂಸಿನ ಹದ 1 ಎಂ.ಎಲ್.ಗೆ 10 ಯೂನಿಟ್, ದೊಡ್ಡವರ ಹದ 10,000 ಯೂನಿಟ್. ಸಾವಿರ ಪಟ್ಟು ವ್ಯತ್ಯಾಸ. ಎರಡೂ ಬಾಟಲಿ ಒಂದೇ ಗಾತ್ರ, ಎರಡರ ಚೀಟಿಯೂ ನೀಲಿ. ದೊಡ್ಡವರ ಬಾಟಲಿಗಳು ಕೂಸುಗಳ ಕಪಾಟಿಗೆ ಬಂದು ಕುಳಿತಿದ್ದವು. ಮೂರು ಕೂಸುಗಳು ತೀರಿಕೊಂಡವು.

ಅಲ್ಲಿದ್ದ ನರ್ಸುಗಳು ಕೆಲಸ ಬಲ್ಲವರೇ. ಹಾಗಿದ್ದೂ ಇದು ನಡೆಯಿತು. ಒಬ್ಬರನ್ನು ಬೈದು ಕೆಲಸದಿಂದ ತೆಗೆದರೆ ಮುಂದಿನ ತಪ್ಪು ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಸ್ಪಷ್ಟವಾಯಿತು. ತಪ್ಪು ಮಾಡುವುದೇ ಕಷ್ಟವಾಗುವಂಥ ವ್ಯವಸ್ಥೆ ಬೇಕು. ಕೂಸುಗಳ ವಾರ್ಡಿನ ಕಪಾಟಿನಲ್ಲಿ ದೊಡ್ಡವರ ಹದದ ಬಾಟಲಿ ಇಲ್ಲವೇ ಇಲ್ಲ ಅಂದರೆ ದಣಿದ ಕೈ ಅದನ್ನು ಎತ್ತಿಕೊಳ್ಳುವುದಾದರೂ ಹೇಗೆ?

ಒಂದೇ ಹದ ಇಡುವುದು ಹೇಗೆ?

ಬಹಳ ವರ್ಷ ಮಕ್ಕಳ ತುರ್ತು ಘಟಕಗಳಲ್ಲಿ 'ಆರರ ಸೂತ್ರ' ಎಂಬ ಪದ್ಧತಿ ಇತ್ತು. ರಕ್ತದೊತ್ತಡ ಕುಸಿದ ಮಗುವಿಗೆ ಡೋಪಮಿನ್‌ನಂಥ ಔಷಧಿ ಹನಿಹನಿಯಾಗಿ ಬಿಡುವಾಗ, ಮಗುವಿನ ತೂಕವನ್ನು 6ರಿಂದ ಗುಣಿಸಿ, ಬಂದಷ್ಟು ಮಿಲಿಗ್ರಾಂ ಔಷಧಿಯನ್ನು 100 ಎಂ.ಎಲ್. ದ್ರವಕ್ಕೆ ಬೆರೆಸುತ್ತಿದ್ದರು. 3 ಕಿಲೋ ಕೂಸಿಗೆ 18 ಮಿಲಿಗ್ರಾಂ, 5 ಕಿಲೋ ಕೂಸಿಗೆ 30, 8 ಕಿಲೋ ಕೂಸಿಗೆ 48. ಪಕ್ಕಪಕ್ಕದ ಮೂರು ಹಾಸಿಗೆಗೆ ಮೂರು ಹದ. ಬಿಡುವ ವೇಗದ ಲೆಕ್ಕ ಇದರಿಂದ ಸುಲಭವಾಗುತ್ತಿತ್ತು, ನಿಜ. ಆದರೆ ಬೆರೆಸುವಾಗ ತಪ್ಪಿದರೆ ಬಾಟಲಿಯನ್ನು ನೋಡಿ ಯಾರೂ ಹಿಡಿಯಲಾಗುತ್ತಿರಲಿಲ್ಲ.

ಈಗಿನ ವಿಚಾರ ಇದಕ್ಕೆ ತಿರುಗುಮುರುಗು. ಔಷಧಿಯ ಹದ ಎಲ್ಲ ಮಕ್ಕಳಿಗೂ ಒಂದೇ. ತೂಕಕ್ಕೆ ತಕ್ಕಂತೆ ಬದಲಾಗುವುದು ಬಿಡುವ ವೇಗ ಮಾತ್ರ.

ಇದು ನಿಮಗೆ ಹೊಸದಲ್ಲ. ಹತ್ತಿಗೆ, ಮೆಣಸಿನ ಗಿಡಕ್ಕೆ ಔಷಧ ಹೊಡೆಸುವಾಗ ಒಂದು ಪಂಪಿಗೆ ಇಷ್ಟು ಎಂ.ಎಲ್. ಎಂದು ಇರುತ್ತದೆ. ಅರ್ಧ ಎಕರೆ ಇದ್ದವರು ಕಡಿಮೆ ಪಂಪು ಹೊಡೆಯುತ್ತಾರೆ, ಎರಡು ಎಕರೆ ಇದ್ದವರು ಹೆಚ್ಚು ಪಂಪು ಹೊಡೆಯುತ್ತಾರೆ. ಪಂಪಿನೊಳಗಿನ ಹದ ಇಬ್ಬರಿಗೂ ಒಂದೇ. ಹೊಲ ಸಣ್ಣದು ಎಂದು ಒಬ್ಬರು, ದೊಡ್ಡದು ಎಂದು ಒಬ್ಬರು ಮನಸ್ಸಿಗೆ ಬಂದಂತೆ ಬೆರೆಸಿದರೆ ಬೆಳೆ ಸುಟ್ಟುಹೋಗುತ್ತದೆ ಎಂಬುದು ನಿಮಗೆ ಗೊತ್ತು. ಕೂಸಿನ ವಿಷಯದಲ್ಲೂ ಬುದ್ಧಿವಂತರು ಕಡೆಗೆ ಇದೇ ದಾರಿಗೆ ಬಂದರು.

ಅಮೆರಿಕದಲ್ಲಿ ಔಷಧ ತಜ್ಞರ ಸಂಘ 2008ರಲ್ಲಿ ಡಾಕ್ಟರು, ನರ್ಸು, ಫಾರ್ಮಸಿಯವರನ್ನೆಲ್ಲ ಸೇರಿಸಿ ಸಭೆ ನಡೆಸಿತು. ಮುಂದೆ 'ಸ್ಟ್ಯಾಂಡರ್ಡೈಸ್ ಫೋರ್ ಸೇಫ್ಟಿ' ಎಂಬ ಹೆಸರಿನಲ್ಲಿ ಯಾವ ಔಷಧಿಯನ್ನು ಯಾವ ಹದದಲ್ಲಿ ಇಡಬೇಕು ಎಂಬ ಪಟ್ಟಿ ತಯಾರಾಯಿತು. ಮಕ್ಕಳಿಗೆ ಪ್ರತ್ಯೇಕ ಪಟ್ಟಿ. ಕೆಲವು ಔಷಧಿಗೆ ಒಂದೇ ಹದ ಸಾಲದು. ತೀರಾ ಸಣ್ಣ ಕೂಸಿಗೆ ಹೆಚ್ಚು ನೀರು ಹೋಗುವುದೂ ಅಪಾಯ, ಅದಕ್ಕೆ ಸ್ವಲ್ಪ ಗಟ್ಟಿ ಹದ ಬೇಕಾಗಬಹುದು. ಆದರೂ ಹತ್ತಾರು ಹದದ ಬದಲು ಒಂದೋ ಎರಡೋ ಇದ್ದರೆ ಎಲ್ಲರಿಗೂ ನೆನಪಿರುತ್ತದೆ. ಬೆಳಗಿನ ಪಾಳಿಯವರು ಬೆರೆಸಿಟ್ಟದ್ದನ್ನು ರಾತ್ರಿ ಪಾಳಿಯವರು ನೋಡಿದ ಕೂಡಲೇ ತಿಳಿಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯೂ ಈ ವಿಷಯ ಕೈಗೆತ್ತಿಕೊಂಡಿದೆ. ಪೊಟ್ಯಾಸಿಯಂ ಕ್ಲೋರೈಡ್ ಎಂಬ ಔಷಧಿಯನ್ನು ನೀರು ಬೆರೆಸದೆ ನೇರ ನರಕ್ಕೆ ಒತ್ತಿದರೆ ಹೃದಯ ನಿಂತುಹೋಗುತ್ತದೆ. ಇಂಥ ಗಟ್ಟಿ ದ್ರಾವಣಗಳನ್ನು ಬೇರೆ ಔಷಧಿಗಳ ಜತೆ ಇಡದೆ ಕಟ್ಟುನಿಟ್ಟಾಗಿ ಕಾಯಬೇಕೆಂದು ಅದು 2007ರಲ್ಲಿ ಹೇಳಿತು. 2017ರಲ್ಲಿ ಔಷಧಿಯಿಂದ ಹಾನಿಯಾಗದಿರಲಿ ಎಂದು ಇಡೀ ಲೋಕಕ್ಕೆ ಕರೆ ಕೊಟ್ಟಿತು. 2025ರ ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನವನ್ನು ನವಜಾತ ಶಿಶುಗಳ ಮತ್ತು ಮಕ್ಕಳ ಸುರಕ್ಷಿತ ಆರೈಕೆಗೆಂದೇ ಮೀಸಲಿಟ್ಟಿತು.

ನಮ್ಮ ದಾರಿಯಲ್ಲಿ ಅಪಾಯ ಎಲ್ಲಿದೆ?

ಬ್ಯಾಡಗಿಯ ಹಳ್ಳಿಯ ಒಂದು ಕೂಸಿನ ದಾರಿ ನೋಡೋಣ. ಮೊದಲು ತಾಲೂಕು ಆಸ್ಪತ್ರೆ. ಅಲ್ಲಿಂದ ಹಾವೇರಿ ಜಿಲ್ಲಾ ಆಸ್ಪತ್ರೆ. ಇನ್ನೂ ಹೆಚ್ಚಾದರೆ ಹೆದ್ದಾರಿ ಹಿಡಿದು ಹುಬ್ಬಳ್ಳಿ. ರಾಣೆಬೆನ್ನೂರಿನವರಾದರೆ ದಾವಣಗೆರೆಗೂ ಹೋಗುತ್ತಾರೆ. ಸರಕಾರದ ವ್ಯವಸ್ಥೆಯೂ ಮೆಟ್ಟಿಲು ಮೆಟ್ಟಿಲಾಗಿದೆ. ಹೆರಿಗೆ ಆಗುವ ಕಡೆ ಶಿಶು ಆರೈಕೆಯ ಮೂಲೆ, ತಾಲೂಕು ಮಟ್ಟದಲ್ಲಿ ಕೂಸಿನ ಸ್ಥಿತಿ ಹತೋಟಿಗೆ ತರುವ ಘಟಕ, ಜಿಲ್ಲೆಯಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ.

ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗುವಾಗ ಕೂಸಿನ ಜತೆ ಸಲಾಯಿನ್ ಬಾಟಲಿಯೂ ಹೋಗುತ್ತದೆ. 108ರ ಗಾಡಿಯಲ್ಲಿ ಕೈ ಬದಲಾಗುತ್ತದೆ, ಆಸ್ಪತ್ರೆಯ ಬಾಗಿಲಲ್ಲಿ ಮತ್ತೆ ಕೈ ಬದಲಾಗುತ್ತದೆ. ಬಾಟಲಿಯೊಳಗೆ ಏನು ಬೆರೆಸಿದ್ದಾರೆ, ಎಷ್ಟು ಬೆರೆಸಿದ್ದಾರೆ ಎಂದು ಅದರ ಮೇಲೆ ಬರೆದಿಲ್ಲದಿದ್ದರೆ ಮುಂದಿನವರು ಊಹೆ ಮಾಡಬೇಕು, ಇಲ್ಲವೇ ಎಲ್ಲ ಚೆಲ್ಲಿ ಹೊಸದಾಗಿ ಬೆರೆಸಬೇಕು. ಎರಡೂ ಕಷ್ಟ. ಕೆಳಗಿನ ಆಸ್ಪತ್ರೆ, ಮೇಲಿನ ಆಸ್ಪತ್ರೆ, ಗಾಡಿ ಮೂರೂ ಕಡೆ ಒಂದೇ ಹದದ ಪಟ್ಟಿ ಇದ್ದರೆ ಈ ಊಹೆಯ ಮಾತೇ ಬರುವುದಿಲ್ಲ. ಒಂದೇ ಹದ ಬೇಕು ಎನ್ನುವುದು ದೊಡ್ಡ ಪಟ್ಟಣದ ಆಸ್ಪತ್ರೆಗೆ ಸೇರಿದ ಮಾತು ಎಂದುಕೊಳ್ಳಬೇಡಿ. ಹಳ್ಳಿಯಿಂದ ಮೂರು ಕಡೆ ಓಡಾಡಬೇಕಾದ ನಮ್ಮ ಮಕ್ಕಳಿಗೇ ಅದು ಹೆಚ್ಚು ಬೇಕು.

ಮನೆಯಲ್ಲೂ ಹದದ ಮಾತೇ

ಸಂಘದ ಎಲ್ಲರಿಗೂ ಗೊತ್ತಿರುವ ಓ.ಆರ್.ಎಸ್. ಪುಡಿ ಒಂದೇ ಹದಕ್ಕೆ ಅತಿ ಒಳ್ಳೆಯ ಉದಾಹರಣೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದ ಪ್ರಕಾರ 1 ಲೀಟರ್ ನೀರಿಗೆ ಒಟ್ಟು 20.5 ಗ್ರಾಂ ಪುಡಿ. ಯಾವ ದೇಶದ ಯಾವ ತಾಯಿ ಕಲಸಿದರೂ ಒಂದೇ ಹದ. ಹೀಗೆ ಒಂದೇ ಹದ ಇಟ್ಟದ್ದರಿಂದಲೇ ಓದು ಬರಹ ಬಾರದ ತಾಯಿಯೂ ಕೂಸನ್ನು ಉಳಿಸಿಕೊಳ್ಳುವಂತಾಯಿತು.

ಆದರೆ ಇಲ್ಲೂ ಎರಡು ಎಚ್ಚರಿಕೆ ಬೇಕು. ಅಂಗಡಿಯಲ್ಲಿ 1 ಲೀಟರಿನ ದೊಡ್ಡ ಪೊಟ್ಟಣವೂ ಇದೆ, 200 ಎಂ.ಎಲ್.ನ ಸಣ್ಣ ಪೊಟ್ಟಣವೂ ಇದೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿದರೆ ಅತಿ ಗಟ್ಟಿಯಾಗಿ ಕೂಸಿನ ಮೈಯಲ್ಲಿ ಉಪ್ಪು ಹೆಚ್ಚುತ್ತದೆ. "ಸ್ವಲ್ಪ ಸ್ವಲ್ಪ ಪುಡಿ ಹಾಕಿ ಕಲಸ್ತೀವ್ರಿ" ಎನ್ನುವುದೂ ಬೇಡ. ಪೂರ್ತಿ ಪೊಟ್ಟಣ, ಪೂರ್ತಿ ನೀರು. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬೇಡಿ. ಇನ್ನೊಂದು, ಓ.ಆರ್.ಎಸ್. ಎಂಬ ಹೆಸರು ಹಚ್ಚಿಕೊಂಡು ಸಿಹಿ ಪಾನೀಯಗಳು ಮಾರುಕಟ್ಟೆಗೆ ಬಂದಿದ್ದವು. ಅವುಗಳಲ್ಲಿ ಸಕ್ಕರೆ ಹೆಚ್ಚು, ಬೇಧಿ ಆದ ಮಗುವಿಗೆ ಅದರಿಂದ ಕೇಡು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು ಆದೇಶ ಮಾಡಿತು. ಹೆಸರು ಒಂದೇ ಇದ್ದು ಹದ ಬೇರೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದೂ ಒಂದು ಉದಾಹರಣೆ.

ಜ್ವರದ ಪ್ಯಾರಾಸಿಟಮಾಲ್ ಕೂಡ ಹಾಗೆಯೇ. ಎಳೆ ಕೂಸಿನ ಹನಿ ಔಷಧಿಯಲ್ಲಿ 1 ಎಂ.ಎಲ್.ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಎಂ.ಎಲ್.ಗೆ 125 ಇರುವುದೂ ಇದೆ, 250 ಇರುವುದೂ ಇದೆ. ಸಣ್ಣ ಬಾಟಲಿ ಅಂದರೆ ತೆಳು ಔಷಧಿ ಎಂದು ಬಹಳ ಜನ ತಿಳಿದಿರುತ್ತಾರೆ. ನಿಜ ಇದಕ್ಕೆ ಉಲ್ಟಾ. ಹನಿ ಔಷಧಿಯೇ ಎಲ್ಲಕ್ಕಿಂತ ಗಟ್ಟಿ. ಅದನ್ನು ಸಿರಪ್ಪಿನ ಹಾಗೆ ಮುಚ್ಚಳ ತುಂಬಿ ಕುಡಿಸಿದರೆ ನಾಲ್ಕು ಪಟ್ಟು ಹೋಗಬಹುದು. ಅಮೆರಿಕದಲ್ಲಿ ಇದೇ ಗೊಂದಲದಿಂದ ಮಕ್ಕಳಿಗೆ ತೊಂದರೆಯಾಗಿ, 2011ರಿಂದ ಕಂಪನಿಗಳು ಮಕ್ಕಳ ದ್ರವ ಪ್ಯಾರಾಸಿಟಮಾಲನ್ನು ಒಂದೇ ಹದಕ್ಕೆ ತಂದವು. ನಮ್ಮಲ್ಲಿ ಅಂಗಡಿಯವರು ಬೇರೆ ಬಾಟಲಿ ಕೊಟ್ಟರೆ "ಇದು ಮೊದಲಿನ ಹದಾನ ಏನ್ರಿ? ಎಷ್ಟು ಎಂ.ಎಲ್. ಕೊಡಬೇಕು?" ಎಂದು ಕೇಳಿಯೇ ಮನೆಗೆ ಬನ್ನಿ. ಅಡಿಗೆ ಚಮಚ ಬೇಡ, ಬಾಟಲಿಯ ಜತೆ ಬಂದ ಅಳತೆಯನ್ನೇ ಬಳಸಿ.

ಸಲಾಯಿನ್ ಬಗ್ಗೆ ಎರಡು ಕೆಟ್ಟ ರೂಢಿ

ಒಂದು, ನಾವೇ ಕೇಳಿ ಹಚ್ಚಿಸಿಕೊಳ್ಳುವುದು. "ಕೂಸು ಬಾಡೈತ್ರಿ, ಒಂದು ಸಲಾಯಿನ್ ಹಚ್ಚಿಬಿಡ್ರಿ" ಎಂದು ತಾಯಂದಿರೇ ಒತ್ತಾಯ ಮಾಡುತ್ತಾರೆ. ಊರಿನಲ್ಲಿ ಓದು ಇಲ್ಲದ 'ಡಾಕ್ಟರು' ಮನೆಯ ಗೋಡೆಯ ಮೊಳೆಗೆ ಬಾಟಲಿ ನೇತುಹಾಕಿ ಹಚ್ಚಿಯೂ ಬಿಡುತ್ತಾರೆ. ಮಕ್ಕಳ ಸಲಾಯಿನ್ ಹಲವು ಹದದಲ್ಲಿ ಬರುತ್ತದೆ. ಸಕ್ಕರೆ ನೀರೇ ನೂರಕ್ಕೆ 5, 10, 25, 50 ಎಂದು ಬೇರೆ ಬೇರೆ ಇದೆ. ಉಪ್ಪಿನದು ಬೇರೆ. ಯಾವ ಕೂಸಿಗೆ ಯಾವುದು, ಎಷ್ಟು ಎಂದು ತೂಕ ನೋಡಿ ಲೆಕ್ಕ ಹಾಕುವವರು ಬೇಕು. ಬಾಯಿಂದ ಕುಡಿಯುವ ಕೂಸಿಗೆ ಓ.ಆರ್.ಎಸ್. ಮತ್ತು ತಾಯಿಯ ಹಾಲೇ ಒಳ್ಳೆಯದು. ಬೇಡದ ಸಲಾಯಿನ್ ಕೇಳದಿರುವುದೇ ಮೊದಲ ಸುರಕ್ಷತೆ.

ಎರಡು, ಹನಿಯ ಚಕ್ರ ತಿರುಗಿಸುವುದು. "ಲಗೂನ ಮುಗೀಲಿ, ಬಸ್ಸು ಹೋಗ್ತೈತಿ" ಎಂದು ಜತೆಗೆ ಬಂದವರು ನಳಿಗೆಯ ಚಕ್ರ ಸಡಿಲ ಮಾಡುವುದನ್ನು ನಾವು ಕಂಡಿದ್ದೇವೆ. ಮಕ್ಕಳಿಗೆ ಹಾಕುವ ಸಣ್ಣ ಹನಿಯ ನಳಿಗೆಯಲ್ಲಿ 60 ಹನಿ ಸೇರಿದರೆ 1 ಎಂ.ಎಲ್., ದೊಡ್ಡವರ ನಳಿಗೆಯಲ್ಲಿ ಸುಮಾರು 20 ಹನಿಗೇ 1 ಎಂ.ಎಲ್. ಹದ ಸರಿ ಇದ್ದಾಗ ಕೂಸನ್ನು ಕಾಯುವುದು ಈ ವೇಗ. ಅದನ್ನು ನಾವು ಬದಲಿಸಿದರೆ ಡಾಕ್ಟರು ಹಾಕಿದ ಲೆಕ್ಕವೆಲ್ಲ ಹಾಳು. ಹನಿ ನಿಂತರೆ, ಜೋರಾದರೆ, ಕೈ ಬಾತರೆ ಕೂಡಲೇ ನರ್ಸಮ್ಮನನ್ನು ಕರೆಯಿರಿ. ಚಕ್ರಕ್ಕೆ ಕೈ ಹಚ್ಚಬೇಡಿ.

ಕೇಳುವುದು ಹೇಗೆ?

"ನಾವು ಕೇಳಿದರೆ ಬೈತಾರ್ರಿ" ಎನ್ನುವ ಅಂಜಿಕೆ ನಮಗೆ ಅರ್ಥವಾಗುತ್ತದೆ. ಒಬ್ಬ ನರ್ಸಮ್ಮ ರಾತ್ರಿ ಪಾಳಿಯಲ್ಲಿ ಎಷ್ಟೋ ಹಾಸಿಗೆ ನೋಡಬೇಕು, ಅವರಿಗೂ ದಣಿವಾಗಿರುತ್ತದೆ. ಆದ್ದರಿಂದ ದೂರುವ ದನಿ ಬೇಡ, ನೆನಪಿಸುವ ದನಿ ಇರಲಿ. ಮಾಹಿತಿ ಪಡೆಯುವುದು, ದಾಖಲೆಯ ಪ್ರತಿ ಪಡೆಯುವುದು ರೋಗಿಯ ಹಕ್ಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿಯೂ ಇದೆ. ಈ ಐದು ಮಾತು ಬಾಯಿಪಾಠ ಮಾಡಿಕೊಳ್ಳಿ:

1. "ನಮ್ಮ ಕೂಸಿನ ತೂಕ ಇಷ್ಟು ಕಿಲೋ ಐತ್ರಿ. ಇವತ್ತು ಮತ್ತೊಮ್ಮೆ ತೂಗತೀರೇನ್ರಿ?" ಎಲ್ಲ ಲೆಕ್ಕದ ಬುನಾದಿ ತೂಕ. ವರ್ಷ ಹೇಳಿದರೆ ಸಾಲದು.

2. "ಇದು ಯಾವ ಔಷಧಿ ಮೇಡಮ್? ಯಾತಕ್ಕ ಕೊಡ್ತಾರ್ರಿ?" ಹೆಸರು ಕೇಳಿದಾಗ ಹೇಳುವವರೂ ಒಮ್ಮೆ ಚೀಟಿ ನೋಡುತ್ತಾರೆ.

3. "ನಿನ್ನೆ ಬಾಟಲಿ ಬ್ಯಾರೆ ಇತ್ತು, ಇವತ್ತಿಂದು ಬ್ಯಾರೆ ಕಾಣತೈತ್ರಿ. ಎರಡೂ ಒಂದೇನಾ?" ಬಣ್ಣ, ಗಾತ್ರ, ಚೀಟಿ ಬದಲಾದದ್ದನ್ನು ಪಕ್ಕದಲ್ಲೇ ಕುಳಿತ ತಾಯಿಯ ಕಣ್ಣು ಬೇಗ ಹಿಡಿಯುತ್ತದೆ.

4. "ಬಾಟಲಿ ಮ್ಯಾಲೆ ಔಷಧಿ ಹೆಸರು, ಎಷ್ಟು ಬೆರೆಸಿದ್ದು, ಎಷ್ಟು ಗಂಟೆಗೆ ಹಚ್ಚಿದ್ದು ಬರೆದೈತೇನ್ರಿ?"

5. ಬೇರೆ ಊರಿಗೆ ಕಳಿಸುವಾಗ: "ಕೊಟ್ಟ ಔಷಧಿ, ಅಳತೆ, ಹೊತ್ತು ಚೀಟಿಯಲ್ಲಿ ಬರೆದುಕೊಡ್ರಿ." ಆ ಚೀಟಿಯನ್ನು ತಾಯಿ ಕಾರ್ಡಿನ ಜತೆ ಸೇರಿಸಿ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.

ಒಂದು ಮಾತು ನೆನಪಿರಲಿ. ತುರ್ತಿನಲ್ಲಿ ಕೂಸನ್ನು ಉಳಿಸಲು ಓಡಾಡುತ್ತಿರುವಾಗ ಕೈ ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳಬೇಡಿ. ತೂಕ ಹೇಳಿ, ಚೀಟಿ ಕೊಡಿ. ಉಳಿದದ್ದು ಆಮೇಲೆ. ಹೆದರಿ ಔಷಧಿಯನ್ನೇ ಬೇಡ ಎನ್ನುವುದೂ ತಪ್ಪು. ಜೆಂಟಾಮೈಸಿನ್ ಆಗಲಿ ಪೊಟ್ಯಾಸಿಯಂ ಆಗಲಿ, ಸರಿಯಾದ ಹದದಲ್ಲಿ ಕೊಟ್ಟಾಗ ಎಷ್ಟೋ ಕೂಸುಗಳ ಜೀವ ಉಳಿಸುತ್ತವೆ.

ಸಂಘ ಏನು ಮಾಡಬಹುದು?

ಒಬ್ಬ ತಾಯಿ ಕೇಳಿದರೆ ಅದು ಅವಳ ಕೂಸಿನ ಮಾತಾಗುತ್ತದೆ. ಸಂಘ ಕೇಳಿದರೆ ಊರಿನ ಮಕ್ಕಳೆಲ್ಲರ ಮಾತಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಇದೆ, ಊರಿನಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ. ಒಕ್ಕೂಟದ ಮೂಲಕ ಅಲ್ಲಿ ನಾಲ್ಕು ವಿನಂತಿ ಇಡಬಹುದು. ಮಕ್ಕಳ ವಾರ್ಡಿನ ಗೋಡೆಯ ಮೇಲೆ ಯಾವ ಔಷಧಿಯನ್ನು ಎಷ್ಟು ನೀರಿಗೆ ಬೆರೆಸಬೇಕು ಎಂಬ ಒಂದೇ ಪಟ್ಟಿ ತೂಗುಹಾಕಬೇಕು. ದೊಡ್ಡವರ ಹದದ ಬಾಟಲಿಗಳನ್ನು ಮಕ್ಕಳ ಕಪಾಟಿನಿಂದ ಬೇರೆ ಇಡಬೇಕು. ಅಪಾಯದ ಔಷಧಿ ಬೆರೆಸುವಾಗ ಇಬ್ಬರು ನೋಡಬೇಕು. ಕೂಸು ತೂಗುವ ತಕ್ಕಡಿ ಕೆಟ್ಟಿದ್ದರೆ ಬೇಗ ರಿಪೇರಿ ಮಾಡಿಸಬೇಕು. ಇವುಗಳಿಗೆ ದೊಡ್ಡ ಖರ್ಚಿಲ್ಲ. ಒಪ್ಪಿ ನಡೆಸುವ ಮನಸ್ಸು ಬೇಕು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಮನೆಯಲ್ಲಿರುವ ಜ್ವರದ ಔಷಧಿ ಯಾವ ಹದದ್ದು? ಬಾಟಲಿ ತಂದು ಸಭೆಯಲ್ಲಿ ಓದಿರಿ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಿರಿ.

2. 'ಮಿಲಿಗ್ರಾಂ' ಮತ್ತು 'ಎಂ.ಎಲ್.' ವ್ಯತ್ಯಾಸವನ್ನು ಸಾರು, ಖಾರದ ಪುಡಿಯ ಉದಾಹರಣೆಯಿಂದ ಒಬ್ಬರಿಗೊಬ್ಬರು ವಿವರಿಸಿರಿ.

3. ನಮ್ಮ ಊರಿನಲ್ಲಿ ಮಕ್ಕಳಿಗೆ ಮನೆಯಲ್ಲೇ ಸಲಾಯಿನ್ ಹಚ್ಚುವ ರೂಢಿ ಇದೆಯೇ? ಇದ್ದರೆ ನಿಲ್ಲಿಸುವುದು ಹೇಗೆ?

ಈ ತಿಂಗಳ ಕೆಲಸ

ಪ್ರತಿ ಸದಸ್ಯರೂ ತಮ್ಮ ಮನೆಯ ಐದು ವರ್ಷದೊಳಗಿನ ಮಕ್ಕಳನ್ನು ಅಂಗನವಾಡಿಯಲ್ಲಿ ತೂಗಿಸಿ, ತೂಕ ಮತ್ತು ತಾರೀಖನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು ಬರಬೇಕು. ಹೊಸ ಬಾಣಂತಿ ಇರುವ ಮನೆಗೆ ಆಶಾ ಕಾರ್ಯಕರ್ತೆ ಬಂದಾಗ ಕೂಸಿನ ತೂಕ ಕೇಳಿ ಬರೆಸಿಕೊಳ್ಳಿ. ಪುಸ್ತಕ ಬರೆಯುವವರು ಮುಂದಿನ ಸಭೆಯಲ್ಲಿ ಉಳಿತಾಯದ ಹಾಜರಿಯ ಜತೆಗೆ ಇದನ್ನೂ ಗುರುತು ಹಾಕಿಕೊಳ್ಳಲಿ. ತೂಕ ಬರೆಸದ ಮನೆ ಉಳಿದಿದ್ದರೆ ಸಂಘದವರೇ ಹೋಗಿ ಮಗುವನ್ನು ಕರೆತನ್ನಿ.